ಕಪ್ಪು ಹಿನ್ನೆಲೆಯಲ್ಲಿ ಹೂವಿನ ಸಮೀಪಚಿತ್ರ ತೆಗೆಯುವುದು ಹೇಗೆ?

ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: "ಹೂವಿನ ಹಿಂದೆ ಕಪ್ಪು ಬಟ್ಟೆ ಕಟ್ಟಿದ್ದೇನೆ. ಆದರೂ ಚಿತ್ರದಲ್ಲಿ ಅದು ಬೂದು ಬಣ್ಣಕ್ಕೆ ತಿರುಗುತ್ತದೆ, ಮಡಿಕೆಗಳೆಲ್ಲ ಎದ್ದು ಕಾಣುತ್ತವೆ. ಎಲ್ಲಿ ತಪ್ಪಾಗುತ್ತಿದೆ?" ಇದರ ಬೆನ್ನಿಗೇ ಬರುವ ಇನ್ನೊಂದು ಪ್ರಶ್ನೆ, ಯಾವ ಕ್ಯಾಮೆರಾ ಕೊಳ್ಳಬೇಕು ಎಂಬುದು. ಎರಡನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ: ಸದ್ಯಕ್ಕೆ ಯಾವುದನ್ನೂ ಕೊಳ್ಳಬೇಡಿ. ಮೊದಲನೆಯ ಪ್ರಶ್ನೆ ಬಗೆಹರಿದರೆ ಕೈಯಲ್ಲಿರುವ ಮೊಬೈಲಿನಿಂದಲೂ ಈ ಕೆಲಸ ಶುರು ಮಾಡಬಹುದು.

ಹಿನ್ನೆಲೆ ಕಪ್ಪಾಗುವುದು ಅಲ್ಲಿಗೆ ಬೆಳಕು ತಲುಪದಿದ್ದಾಗ. ಕಪ್ಪು ಬಟ್ಟೆಯ ಮೇಲೂ ಸಾಕಷ್ಟು ಬೆಳಕು ಬಿದ್ದರೆ ಅದು ಬೂದಾಗಿಯೇ ಕಾಣುತ್ತದೆ. ಹಸಿರು ಗಿಡಗಳ ಸಾಲಿನ ಮೇಲೆ ಬೆಳಕು ಬೀಳದಿದ್ದರೆ ಅದೂ ಕಪ್ಪಾಗಿ ಕಾಣುತ್ತದೆ. ಆದ್ದರಿಂದ ನೀವು ಹೊಂದಿಸಬೇಕಾದದ್ದು ಹೂವಿಗೂ ಹಿನ್ನೆಲೆಗೂ ನಡುವಿನ ಬೆಳಕಿನ ಅಂತರವನ್ನು. ಈ ಅಂತರವನ್ನು ಛಾಯಾಗ್ರಾಹಕರು 'ಸ್ಟಾಪ್' ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಸ್ಟಾಪ್ ಕಡಿಮೆ ಎಂದರೆ ಬೆಳಕು ಅರ್ಧಕ್ಕೆ ಇಳಿಯಿತು ಎಂದು ಅರ್ಥ. ಎರಡು ಸ್ಟಾಪ್ ಎಂದರೆ ಕಾಲು ಭಾಗಕ್ಕೆ. ಹಿನ್ನೆಲೆಯು ಹೂವಿಗಿಂತ ಐದಾರು ಸ್ಟಾಪ್ ಕೆಳಗಿದ್ದರೆ ಅದು ಬಹುಮಟ್ಟಿಗೆ ಕಪ್ಪಾಗಿಬಿಡುತ್ತದೆ. ಮುಂದಿನ ಹಂತಗಳಲ್ಲಿ ಹೆಚ್ಚಿನವು ಈ ಅಂತರವನ್ನು ಹುಟ್ಟಿಸುವ ಮತ್ತು ಉಳಿಸಿಕೊಳ್ಳುವ ಉಪಾಯಗಳೇ.

ಬೇಕಾಗುವ ಸಾಮಗ್ರಿ

ಶಟರ್ ವೇಗ ಮತ್ತು ಅಪರ್ಚರ್ ಎರಡನ್ನೂ ಕೈಯಾರೆ ಹೊಂದಿಸಬಹುದಾದ ಯಾವುದೇ ಕ್ಯಾಮೆರಾ ಸಾಕು; ಮೊಬೈಲಿನವರಿಗೆ ಸೂಚನೆಗಳು ಮುಂದೆ ಬೇರೆಯಾಗಿವೆ. ಶಟರ್ ವೇಗ ಎಂದರೆ ಬೆಳಕನ್ನು ಎಷ್ಟು ಹೊತ್ತು ಒಳಗೆ ಬಿಡಬೇಕು ಎಂಬ ಹೊಂದಿಕೆ. ಅಪರ್ಚರ್ ಎಂದರೆ ಲೆನ್ಸಿನೊಳಗೆ ಬೆಳಕು ಹಾಯುವ ರಂಧ್ರ; ಎಫ್ 4, ಎಫ್ 8, ಎಫ್ 16 ಎಂದು ಸಂಖ್ಯೆ ಏರಿದಂತೆ ರಂಧ್ರ ಕಿರಿದಾಗುತ್ತದೆ. ಟ್ರೈಪಾಡ್ ಬೇಕು. ಒಂದು ಕಪ್ಪು ಬಟ್ಟೆ, ಬಿಳಿ ರಟ್ಟಿನ ತುಂಡು, ತೊಟ್ಟು ಹಿಡಿಯಲು ಬಟ್ಟೆ ಒಣಗಿಸುವ ಕ್ಲಿಪ್, ಧೂಳು ಒರೆಸಲು ಚಿತ್ರಕಲೆಯ ಮೃದುವಾದ ಕುಂಚ ಇರಲಿ.

ಲೆನ್ಸಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಮ್ಯಾಕ್ರೋ ಲೆನ್ಸ್ ಎಂದರೆ ವಸ್ತುವಿನ ತೀರ ಹತ್ತಿರದಿಂದಲೂ ಫೋಕಸ್ ಮಾಡಬಲ್ಲ ಲೆನ್ಸ್. ಇಂಥವುಗಳಲ್ಲಿ ಹೆಚ್ಚಿನವು 1:1 ಅನುಪಾತದವರೆಗೆ ಹೋಗುತ್ತವೆ. ಅಂದರೆ ಸೆನ್ಸರ್ ಮೇಲೆ, ಎಂದರೆ ಕ್ಯಾಮೆರಾದೊಳಗೆ ಬೆಳಕನ್ನು ದಾಖಲಿಸುವ ಫಲಕದ ಮೇಲೆ, ಮೂಡುವ ಬಿಂಬ ಹೂವಿನ ನಿಜಗಾತ್ರದಷ್ಟೇ ಇರುತ್ತದೆ. ಫುಲ್‌ಫ್ರೇಮ್ ಸೆನ್ಸರ್ 36 x 24 ಮಿಲಿಮೀಟರ್ ಗಾತ್ರದ್ದು. ಅದರಲ್ಲಿ 1:1 ಹೋದರೆ ದಾಸವಾಳದ ಕೇಸರದಂಡದ ತುದಿಯಷ್ಟೇ ಚೌಕಟ್ಟನ್ನು ತುಂಬುತ್ತದೆ, ಇಡೀ ಹೂವು ಹಿಡಿಸುವುದಿಲ್ಲ. ಇಡೀ ಹೂವಿನ ಚಿತ್ರವೇ ನಿಮ್ಮ ಗುರಿಯಾದರೆ 1:2 ಅಥವಾ ಅದಕ್ಕಿಂತ ಕಡಿಮೆ ಅನುಪಾತ ಧಾರಾಳವಾಯಿತು. ಲೆನ್ಸಿನ ನೋಟ ಎಷ್ಟು ಅಗಲ ಎಂಬುದನ್ನು ಸೂಚಿಸುವ ಫೋಕಲ್ ಲೆಂತ್ 90ರಿಂದ 105 ಮಿಲಿಮೀಟರ್ ಇರುವುದು ಅನುಕೂಲ. 50 ಅಥವಾ 60 ಮಿಲಿಮೀಟರಿನ ಲೆನ್ಸನ್ನು ಹೂವಿಗೆ ಬಹಳ ಹತ್ತಿರ ಒಯ್ಯಬೇಕಾಗುವುದರಿಂದ ಅದರ ನೆರಳು ಹೂವಿನ ಮೇಲೆ ಬೀಳುತ್ತದೆ. ನೋಟದ ಕೋನ ಅಗಲವಾದದ್ದರಿಂದ ಹಿನ್ನೆಲೆಯೂ ಹೆಚ್ಚು ಒಳಗೆ ಬರುತ್ತದೆ, ದೊಡ್ಡ ಬಟ್ಟೆಯೇ ಬೇಕಾಗುತ್ತದೆ.

ಮ್ಯಾಕ್ರೋ ಲೆನ್ಸ್ ಇಲ್ಲದಿದ್ದರೆ ಎಕ್ಸ್‌ಟೆನ್ಷನ್ ಟ್ಯೂಬ್ ಬಳಸಬಹುದು. ಇದು ಕ್ಯಾಮೆರಾಗೂ ಲೆನ್ಸಿಗೂ ನಡುವೆ ಸೇರಿಸುವ ಟೊಳ್ಳು ಬಳೆ, ಒಳಗೆ ಗಾಜಿಲ್ಲ. ಅನಂತ ದೂರಕ್ಕೆ ಫೋಕಸ್ ಮಾಡಿಟ್ಟ 50 ಮಿಲಿಮೀಟರ್ ಲೆನ್ಸಿಗೆ 25 ಮಿಲಿಮೀಟರ್ ಟ್ಯೂಬ್ ಸೇರಿಸಿದರೆ 1:2 ಅನುಪಾತ ಸಿಗುತ್ತದೆ. ಕೊಳ್ಳುವಾಗ ವಿದ್ಯುತ್ ಸಂಪರ್ಕದ ಲೋಹದ ಬಿಂದುಗಳಿರುವ ಟ್ಯೂಬನ್ನೇ ಆರಿಸಿ. ಅವಿಲ್ಲದಿದ್ದರೆ ಇಂದಿನ ಹೆಚ್ಚಿನ ಲೆನ್ಸುಗಳ ಅಪರ್ಚರನ್ನು ಕ್ಯಾಮೆರಾದಿಂದ ಬದಲಿಸಲಾಗುವುದಿಲ್ಲ. ಲೆನ್ಸಿನ ಮುಂದೆ ತಿರುಪಿ ಕೂರಿಸುವ ಕ್ಲೋಸಪ್ ಗಾಜು ಇನ್ನೊಂದು ದಾರಿ. ಅಗ್ಗದ ಒಂಟಿ ಗಾಜಿನವು ಅಂಚುಗಳನ್ನು ಮಸುಕಾಗಿಸುತ್ತವೆ. ಆದರೆ ನಮ್ಮ ಚಿತ್ರದ ಅಂಚು ಹೇಗಿದ್ದರೂ ಕಪ್ಪು ತಾನೇ!

1. ಹೂವನ್ನು ಆರಿಸಿ

ಇಲ್ಲಿ ಅವಸರ ಮಾಡಿದವರು ಆಮೇಲೆ ಕಂಪ್ಯೂಟರಿನ ಮುಂದೆ ಗಂಟೆಗಟ್ಟಲೆ ಕೂರುತ್ತಾರೆ. ಕಣ್ಣಿಗೆ ಚೆಂದ ಕಾಣುವ ಹೂವು ಮ್ಯಾಕ್ರೋ ಲೆನ್ಸಿನಲ್ಲಿ ಬೇರೆಯೇ ಕಥೆ ಹೇಳುತ್ತದೆ: ಎಸಳಿನಂಚಿನ ಕಂದು ಕಲೆ, ಹುಳು ಕಡಿದ ತೂತು, ಚೆಲ್ಲಿದ ಪರಾಗ, ತೊಟ್ಟಿನ ಮೇಲಿನ ಹೇನು ಎಲ್ಲವೂ ದೊಡ್ಡದಾಗಿ ಕಾಣುತ್ತವೆ. ಹಿನ್ನೆಲೆ ಬರಿದಾಗಿರುವುದರಿಂದ ನೋಡುವವರ ಕಣ್ಣು ಬೇರೆಲ್ಲಿಗೂ ಹೋಗುವುದಿಲ್ಲ, ನೇರ ಆ ಕಲೆಗೇ ಹೋಗುತ್ತದೆ. ಆಗಷ್ಟೇ ಅರಳಿದ ಹೂವನ್ನು ಹುಡುಕಿ. ಒಂದೇ ದಿನ ಬಾಳುವ ದಾಸವಾಳದಂಥವನ್ನು ಬೆಳಗ್ಗೆಯೇ ತೆಗೆಯಿರಿ. ಧೂಳನ್ನು ಕುಂಚದಿಂದ ಮೆಲ್ಲಗೆ ಸರಿಸಿ. ಬಾಯಿಂದ ಊದಬೇಡಿ, ಉಗುಳಿನ ಹನಿ ಎಸಳಿನ ಮೇಲೆ ಕೂತರೆ ಅದೂ ಚಿತ್ರದಲ್ಲಿ ಬರುತ್ತದೆ.

ಮೊದಲ ಪ್ರಯತ್ನಕ್ಕೆ ತಿಳಿ ಗುಲಾಬಿ, ಹಳದಿ ಅಥವಾ ಕಿತ್ತಳೆ ಬಣ್ಣದ ಹೂವು ಒಳ್ಳೆಯದು. ಅಚ್ಚ ಬಿಳಿಯಲ್ಲಿ ವಿವರಗಳು ಬೇಗ ಕಳೆದುಹೋಗುತ್ತವೆ. ಕಡುಗೆಂಪು ಮತ್ತು ಕಡುನೇರಳೆ ಹೂವುಗಳ ಅಂಚು ಕತ್ತಲೆಯಲ್ಲಿ ಕರಗಿಹೋಗುತ್ತದೆ. ಅವಕ್ಕೆ ಹಿಂದಿನಿಂದ ಬೆಳಕು ಕೊಡಬೇಕು. ಅದನ್ನು ಮೂರನೆಯ ಹಂತದಲ್ಲಿ ನೋಡೋಣ.

2. ಹಿನ್ನೆಲೆಯನ್ನು ದೂರ ತಳ್ಳಿ

ಬಟ್ಟೆಗಳಲ್ಲಿ ಮಖಮಲ್ಲೇ ಮೇಲು. ಅದರ ಮೇಲ್ಮೈಯ ನವಿರಾದ ಎಳೆಗಳ ಸಂದಿಯಲ್ಲಿ ಬೆಳಕು ಸಿಕ್ಕಿಕೊಳ್ಳುತ್ತದೆ, ಹೊರಗೆ ಬರುವುದು ಅತ್ಯಲ್ಪ. ಒಂದು ದಿಕ್ಕಿನಿಂದ ನೋಡಿದಾಗ ಮಖಮಲ್ಲು ಇನ್ನೂ ಕಪ್ಪಾಗಿ ಕಾಣುತ್ತದೆ. ಬಟ್ಟೆಯನ್ನು ತಲೆಕೆಳಗಾಗಿಸಿ ಎರಡೂ ಬಗೆಯಲ್ಲಿ ಹಿಡಿದು ನೋಡಿ, ಹೆಚ್ಚು ಕಪ್ಪಾಗಿರುವ ಕಡೆಯನ್ನು ಉಳಿಸಿಕೊಳ್ಳಿ. ನುಣುಪಾದ ಸ್ಯಾಟಿನ್, ಹೊಳೆಯುವ ನೈಲಾನ್ ಇವುಗಳ ಗೊಡವೆ ಬೇಡ. ಕಪ್ಪು ಕಾಗದವೂ ಓರೆ ಬೆಳಕಿಗೆ ಮಿರುಗುತ್ತದೆ.

ಬಟ್ಟೆ ಯಾವುದೇ ಇರಲಿ, ಹೂವಿಗೆ ತಾಗಿಸಿ ಇಡಬೇಡಿ. ಬರುವ ದೂರುಗಳಲ್ಲಿ ಹೆಚ್ಚಿನವುಗಳ ಮೂಲ ಇದೇ. ಚಿಕ್ಕ ದೀಪ ಅಥವಾ ಫ್ಲ್ಯಾಶಿನಿಂದ ಹೊರಟ ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ: ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು ಭಾಗ, ಮೂರು ಪಟ್ಟಾದರೆ ಒಂಬತ್ತನೇ ಒಂದು ಭಾಗ. ದೀಪದಿಂದ ಹೂವು 20 ಸೆಂಟಿಮೀಟರ್ ದೂರದಲ್ಲಿದ್ದು ಬಟ್ಟೆ 2 ಮೀಟರ್ ದೂರದಲ್ಲಿದ್ದರೆ, ಬಟ್ಟೆಗೆ ತಲುಪುವುದು ಹೂವಿಗೆ ಬಿದ್ದದ್ದರ ನೂರರಲ್ಲಿ ಒಂದು ಪಾಲು ಮಾತ್ರ. ಅಂದರೆ ಆರೂವರೆ ಸ್ಟಾಪಿಗಿಂತ ಹೆಚ್ಚಿನ ಅಂತರ. ಆಗ ಬಟ್ಟೆ ಕಡುನೀಲಿಯಾಗಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ದೀಪವನ್ನು ಹೂವಿನ ಹತ್ತಿರಕ್ಕೆ ತರುವುದು, ಬಟ್ಟೆಯನ್ನು ದೂರಕ್ಕೆ ಒಯ್ಯುವುದು, ಎರಡನ್ನೂ ಒಟ್ಟಿಗೆ ಮಾಡಿ.

ಆದರೆ ಈ ಲೆಕ್ಕ ಬಿಸಿಲಿನಲ್ಲಿ ನಡೆಯುವುದಿಲ್ಲ. ಸೂರ್ಯನಿಂದ ನಮಗಿರುವ ದೂರದ ಎದುರು ನಿಮ್ಮ ಎರಡು ಮೀಟರಿಗೆ ಬೆಲೆಯೇ ಇಲ್ಲ. ಹೂವಿನ ಮೇಲೆ ಬೀಳುವಷ್ಟೇ ಬಿಸಿಲು ಹಿಂದಿನ ಬಟ್ಟೆಯ ಮೇಲೂ ಬೀಳುತ್ತದೆ. ಹೊರಾಂಗಣದಲ್ಲಿ ಬಟ್ಟೆಯನ್ನು ನೆರಳಿನಲ್ಲಿಡಲೇಬೇಕು. ಕೊಡೆ, ರಟ್ಟು, ಕೊನೆಗೆ ನಿಮ್ಮ ದೇಹದ ನೆರಳಾದರೂ ಆದೀತು.

3. ಬೆಳಕನ್ನು ಹೊಂದಿಸಿ

ಮೂರು ದಾರಿಗಳಿವೆ. ನಿಮ್ಮ ಅನುಕೂಲಕ್ಕೆ ತಕ್ಕದ್ದನ್ನು ಹಿಡಿಯಿರಿ.

ಮೊದಲನೆಯದು ಬಿಸಿಲು ಮತ್ತು ನೆರಳಿನ ಆಟ. ಹೂವಿನ ಮೇಲೆ ನೇರ ಬಿಸಿಲು, ಅದರ ಹಿಂದೆ ದಟ್ಟ ಪೊದೆಯ ಒಳಭಾಗ ಅಥವಾ ಗೋಡೆಯ ನೆರಳು ಇರುವ ಜಾಗ ಹುಡುಕಿ. ಬಿಸಿಲಿಗೂ ಬಯಲಿನ ನೆರಳಿಗೂ ಸುಮಾರು ಮೂರು ನಾಲ್ಕು ಸ್ಟಾಪ್ ಅಂತರ ತಾನಾಗಿಯೇ ಇರುತ್ತದೆ; ಪೊದೆಯೊಳಗಿನ ನೆರಳಿಗೆ ಇನ್ನೂ ಹೆಚ್ಚು. ಕ್ಯಾಮೆರಾವನ್ನು ಒಂದೆರಡು ಹೆಜ್ಜೆ ಎಡಕ್ಕೋ ಬಲಕ್ಕೋ ಸರಿಸಿದರೆ ಹೂವಿನ ಹಿಂದೆ ಕತ್ತಲೆಯ ತುಂಡೊಂದು ಬಂದು ಕೂರುತ್ತದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಇಷ್ಟದ ದಾರಿ ಇದು, ಹೂವನ್ನು ಕೀಳಬೇಕಾಗಿಲ್ಲ. ನಡುಮಧ್ಯಾಹ್ನ ಮಾತ್ರ ಬೇಡ, ನೆತ್ತಿಯ ಬಿಸಿಲಿಗೆ ಎಸಳುಗಳ ನಡುವೆ ಕಡುನೆರಳು ಬೀಳುತ್ತದೆ.

ಎರಡನೆಯದು ಕಿಟಕಿ. ಒಂದೇ ಕಿಟಕಿ ಅಥವಾ ಬಾಗಿಲು ತೆರೆದಿಟ್ಟು, ಕೋಣೆಯ ಉಳಿದ ದೀಪಗಳನ್ನೆಲ್ಲ ಆರಿಸಿ. ಹೂವು ಕಿಟಕಿಯ ಹತ್ತಿರ ಇರಲಿ, ಕ್ಯಾಮೆರಾ ಕಿಟಕಿಯಿರುವ ಗೋಡೆಗೆ ಸಮಾನಾಂತರವಾಗಿ ನೋಡಲಿ. ಬೆಳಕು ಪಕ್ಕದಿಂದ ಬರುತ್ತದೆ, ಹಿಂದೆ ಕೋಣೆಯ ಕತ್ತಲೆ ಇರುತ್ತದೆ. ದೊಡ್ಡ ಕಿಟಕಿಯ ಬೆಳಕು ಚಿಕ್ಕ ದೀಪದಷ್ಟು ಬೇಗ ಕುಗ್ಗುವುದಿಲ್ಲ. ಆದ್ದರಿಂದ ಪರದೆ ಎಳೆದು ಕಿಟಕಿಯ ತೆರಪನ್ನು ಕಿರಿದಾಗಿಸಿ, ಹಿನ್ನೆಲೆಯತ್ತ ಹೋಗುವ ಬೆಳಕನ್ನು ರಟ್ಟಿನಿಂದ ತಡೆಯಿರಿ. ಕಿಟಕಿಯ ಎದುರಿನ ಬದಿಗೆ ಬಿಳಿ ರಟ್ಟು ಹಿಡಿದರೆ ಹೂವಿನ ನೆರಳಾದ ಕಡೆಗೂ ತುಸು ಬೆಳಕು ಮರಳುತ್ತದೆ.

ಮೂರನೆಯದು ಫ್ಲ್ಯಾಶ್. ಕ್ಯಾಮೆರಾದ ತಲೆಯ ಮೇಲಿನ ಪುಟ್ಟ ಫ್ಲ್ಯಾಶನ್ನು ಮರೆತುಬಿಡಿ. ಅದು ಹೂವನ್ನು ಚಪ್ಪಟೆಯಾಗಿಸುತ್ತದೆ, ಲೆನ್ಸಿನ ನೆರಳನ್ನು ಚಿತ್ರದ ಕೆಳಭಾಗಕ್ಕೆ ಬೀಳಿಸುತ್ತದೆ. ಕ್ಯಾಮೆರಾದಿಂದ ಬೇರ್ಪಡಿಸಿದ ಫ್ಲ್ಯಾಶನ್ನು ವೈರ್‌ಲೆಸ್ ಟ್ರಿಗರ್ ಅಥವಾ ತಂತಿಯಿಂದ ಜೋಡಿಸಿ ಹೂವಿನ ಪಕ್ಕಕ್ಕೆ, ತುಸು ಮೇಲೆ ಇಡಿ. ನಡುವೆ ತೆಳುವಾದ ಬಿಳಿ ಬಟ್ಟೆ ಅಥವಾ ಬೆಣ್ಣೆಕಾಗದ ಹಿಡಿದರೆ ಬೆಳಕು ಮೃದುವಾಗುತ್ತದೆ. ಆ ಬಟ್ಟೆ ಹೂವಿಗೆ ಎಷ್ಟು ಹತ್ತಿರವೋ ನೆರಳುಗಳ ಅಂಚು ಅಷ್ಟು ಮೆತ್ತಗೆ.

ಫ್ಲ್ಯಾಶ್ ಹಚ್ಚುವ ಮೊದಲು ಒಂದು ಪರೀಕ್ಷೆ ಮಾಡಲೇಬೇಕು. ಐಎಸ್‌ಒ 100, ಶಟರ್ ಸೆಕೆಂಡಿನ 1/200, ಎಫ್ 11 ಎಂದು ಹೊಂದಿಸಿ, ಫ್ಲ್ಯಾಶ್ ಇಲ್ಲದೆ ಒಂದು ಚಿತ್ರ ತೆಗೆಯಿರಿ. ಐಎಸ್‌ಒ ಎಂದರೆ ಸೆನ್ಸರಿನಿಂದ ಬಂದ ಸಂಕೇತವನ್ನು ಕ್ಯಾಮೆರಾ ಎಷ್ಟು ಹಿಗ್ಗಿಸುತ್ತದೆ ಎಂಬುದರ ಅಳತೆ. ಅದು ಕಡಿಮೆ ಇದ್ದಷ್ಟೂ ಕಪ್ಪು ಶುಭ್ರ. ತೆಗೆದ ಚಿತ್ರ ಪೂರ್ತಿ ಕಪ್ಪಾಗಿ ಬರಬೇಕು. ಬಂದರೆ ಕೋಣೆಯ ಬೆಳಕಿಗೆ ನಿಮ್ಮ ಚಿತ್ರದಲ್ಲಿ ಪಾಲಿಲ್ಲ ಎಂದಾಯಿತು. ಇನ್ನು ಕಾಣುವುದೆಲ್ಲ ಫ್ಲ್ಯಾಶ್ ಬೆಳಗಿದ್ದು ಮಾತ್ರ. ಶಟರ್ ವೇಗವನ್ನು ಇನ್ನೂ ಏರಿಸುವ ಆಸೆ ಬೇಡ. ಹೆಚ್ಚಿನ ಕ್ಯಾಮೆರಾಗಳಲ್ಲಿ ಫ್ಲ್ಯಾಶ್ ಜೊತೆ ಹೊಂದುವ ಗರಿಷ್ಠ ವೇಗ 1/200 ಅಥವಾ 1/250ರ ಆಸುಪಾಸು. ಅದನ್ನು ಮೀರಿದರೆ ಶಟರಿನ ಪರದೆ ಚೌಕಟ್ಟಿನ ಒಂದು ಭಾಗವನ್ನು ಮುಚ್ಚಿ ಕಪ್ಪು ಪಟ್ಟಿ ಮೂಡಿಸುತ್ತದೆ. ಬೇರೆ ಚಿತ್ರಗಳಲ್ಲಿ ಅದು ಕೂಡಲೇ ಕಣ್ಣಿಗೆ ಬೀಳುತ್ತದೆ. ಇಲ್ಲಿ ಹಿನ್ನೆಲೆಯೇ ಕಪ್ಪಾದ್ದರಿಂದ ಹೂವಿನ ಅರ್ಧ ಎಲ್ಲಿ ಹೋಯಿತೆಂದು ತಿಳಿಯದೆ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಇನ್ನು ಹಿಂದಿನ ಬೆಳಕು. ದೀಪವನ್ನು ಹೂವಿನ ಹಿಂದೆ, ಚೌಕಟ್ಟಿಗೆ ಬಾರದಂತೆ ಓರೆಯಾಗಿ ಇಟ್ಟರೆ ತೆಳು ಎಸಳುಗಳ ಮೂಲಕ ಬೆಳಕು ಹಾದು ನರಗಳು ಕಾಣಿಸುತ್ತವೆ, ತೊಟ್ಟಿನ ಮೇಲಿನ ರೋಮಗಳು ಬೆಳ್ಳಿಗೆರೆಗಳಾಗುತ್ತವೆ. ಕಪ್ಪು ಹಿನ್ನೆಲೆಗೆ ಇದಕ್ಕಿಂತ ಒಪ್ಪುವ ಬೆಳಕಿಲ್ಲ. ಕಡುಬಣ್ಣದ ಹೂವಿಗೆ ಅಂಚು ಬರೆಯುವುದೂ ಇದೇ. ಆದರೆ ದೀಪದ ನೇರ ಕಿರಣ ಲೆನ್ಸಿಗೆ ತಾಗಿದರೆ ಇಡೀ ಚಿತ್ರಕ್ಕೆ ಮಬ್ಬು ಕವಿದು ಕಪ್ಪು ಬೂದಾಗುತ್ತದೆ. ಲೆನ್ಸಿನ ಬಾಯಿಗೆ ಮರೆಯಾಗಿ ಕೂರುವ ಲೆನ್ಸ್ ಹುಡ್ ಹಾಕಿ, ಸಾಲದಿದ್ದರೆ ದೀಪಕ್ಕೂ ಲೆನ್ಸಿಗೂ ನಡುವೆ ರಟ್ಟು ಹಿಡಿಯಿರಿ.

4. ಹೂವನ್ನೂ ಕ್ಯಾಮೆರಾವನ್ನೂ ಅಲುಗಾಡದಂತೆ ನಿಲ್ಲಿಸಿ

ಇಷ್ಟು ಹತ್ತಿರದಲ್ಲಿ ಉಸಿರಿನ ಗಾಳಿಗೂ ಹೂವು ಚೌಕಟ್ಟಿನಿಂದಾಚೆ ಹೋಗುತ್ತದೆ. ಹೊರಗಾದರೆ ನೆಲಕ್ಕೆ ಕೋಲು ನೆಟ್ಟು, ತೊಟ್ಟನ್ನು ಕ್ಲಿಪ್ಪಿನಿಂದ ಹಗುರಾಗಿ ಅದಕ್ಕೆ ಸೇರಿಸಿ. ಕ್ಲಿಪ್ಪಿನ ಬಾಯಿಗೆ ಹತ್ತಿ ಸುತ್ತಿದರೆ ತೊಟ್ಟು ಜಜ್ಜುವುದಿಲ್ಲ. ಒಳಗೆ ಫ್ಯಾನ್ ಆರಿಸಿ. ಟ್ರೈಪಾಡ್ ಮೇಲಿರುವಾಗ ಶಟರನ್ನು ಬೆರಳಿನಿಂದ ಒತ್ತದೆ 2 ಸೆಕೆಂಡಿನ ಟೈಮರ್ ಬಳಸಿ. ಫ್ಲ್ಯಾಶ್ ಬಳಸುವವರಿಗೆ ಈ ಹಂತದಲ್ಲಿ ಅಷ್ಟು ಕಷ್ಟವಿಲ್ಲ: ಕಡಿಮೆ ಶಕ್ತಿಯಲ್ಲಿ ಅದರ ಮಿಂಚು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಚಿಕ್ಕದು, ಸಣ್ಣ ಅಲುಗಾಟ ದಾಖಲಾಗುವುದೇ ಇಲ್ಲ.

5. ಫೋಕಸ್ ಮಾಡಿ

ಆಟೋಫೋಕಸ್ ಇಲ್ಲಿ ಹಿಂದೆ ಮುಂದೆ ತಡಕಾಡುತ್ತದೆ. ಅದನ್ನು ನಿಲ್ಲಿಸಿ, ಕ್ಯಾಮೆರಾದ ಪರದೆಯಲ್ಲಿ ನೋಟವನ್ನು ಹಿಗ್ಗಿಸಿಕೊಂಡು, ಲೆನ್ಸಿನ ಬಳೆಯನ್ನು ಕೈಯಿಂದ ತಿರುಗಿಸಿ. ಎಲ್ಲಿ ಸ್ಪಷ್ಟವಾಗಿರಬೇಕು ಎಂಬುದನ್ನು ಮೊದಲೇ ನಿರ್ಧರಿಸಿ. ಸಾಮಾನ್ಯವಾಗಿ ಶಲಾಕಾಗ್ರ (ಹೂವಿನ ನಡುವೆ ಪರಾಗವನ್ನು ಹಿಡಿದುಕೊಳ್ಳುವ ತುದಿ) ಅಥವಾ ಕೇಸರದ ತುದಿ.

ಸ್ಪಷ್ಟವಾಗಿ ಕಾಣುವ ಆಳಕ್ಕೆ 'ಡೆಪ್ತ್ ಆಫ್ ಫೀಲ್ಡ್' ಎನ್ನುತ್ತಾರೆ. ಹತ್ತಿರ ಹೋದಂತೆ ಇದು ಎಷ್ಟು ಕುಗ್ಗುತ್ತದೆ ಎಂದರೆ, ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 1:1 ಅನುಪಾತ, ಎಫ್ 8ರಲ್ಲಿ ಸುಮಾರು 1 ಮಿಲಿಮೀಟರ್. 1:2ರಲ್ಲಿ ಸುಮಾರು 3 ಮಿಲಿಮೀಟರ್. ಹಾಗಾದರೆ ಎಫ್ 22ಕ್ಕೆ ಹೋಗಬಾರದೇಕೆ ಎಂದು ಕೇಳುತ್ತೀರಿ. ಹೋಗಬಹುದು, ಆದರೆ ರಂಧ್ರ ತೀರ ಕಿರಿದಾದಾಗ ಬೆಳಕು ಅದರ ಅಂಚಿನಲ್ಲಿ ಬಾಗಿ ಹರಡಿ ಇಡೀ ಚಿತ್ರ ಮೆದುವಾಗುತ್ತದೆ. ಇದು ವಿವರ್ತನೆ. ಸಾಲದ್ದಕ್ಕೆ 1:1ರಲ್ಲಿ ಎಫ್ 8 ಎಂದು ಗುರುತಿರುವ ಅಪರ್ಚರ್ ವಾಸ್ತವದಲ್ಲಿ ಎಫ್ 16ರಂತೆ ವರ್ತಿಸುತ್ತದೆ. ಎಫ್ 8ರಿಂದ ಎಫ್ 16ರ ನಡುವೆ ಉಳಿಯಿರಿ. ಹೂವಿನ ಮುಖ್ಯ ಭಾಗಗಳು ಸೆನ್ಸರಿಗೆ ಸಮಾನಾಂತರವಾಗಿ ಬರುವಂತೆ ಕ್ಯಾಮೆರಾ ತಿರುಗಿಸಿದರೆ ಇರುವ ಒಂದೆರಡು ಮಿಲಿಮೀಟರ್ ಹೆಚ್ಚು ಕೆಲಸಕ್ಕೆ ಬರುತ್ತದೆ.

ಇಡೀ ಹೂವು ಸ್ಪಷ್ಟವಾಗಿರಲೇಬೇಕು ಎನ್ನುವವರಿಗೆ ಫೋಕಸ್ ಸ್ಟ್ಯಾಕಿಂಗ್ ಇದೆ: ಮುಂದಿನ ಎಸಳಿನಿಂದ ಹಿಂದಿನವರೆಗೆ ಫೋಕಸನ್ನು ಚೂರುಚೂರೇ ಸರಿಸುತ್ತ ಹಲವು ಚಿತ್ರ ತೆಗೆದು, ತಂತ್ರಾಂಶದಲ್ಲಿ ಅವುಗಳ ಸ್ಪಷ್ಟ ಭಾಗಗಳನ್ನು ಒಂದುಗೂಡಿಸುವುದು. ಒಂದು ಚಿತ್ರದ ಸ್ಪಷ್ಟ ಭಾಗ ಮುಂದಿನದರ ಮೇಲೆ ತುಸು ಹೊದ್ದುಕೊಂಡಿರಬೇಕು, ಇಲ್ಲವಾದರೆ ನಡುವೆ ಮಸುಕು ಪಟ್ಟೆಗಳು ಉಳಿಯುತ್ತವೆ. ಬೇಗ ಮುಗಿಸಿ, ಕೊಯ್ದಿಟ್ಟ ಹೂವು ನೀರಿನಲ್ಲಿದ್ದರೂ ನಿಧಾನವಾಗಿ ಬಾಗುತ್ತದೆ, ಟ್ಯುಲಿಪ್‌ನಂಥವು ಬೆಚ್ಚಗಿನ ಕೋಣೆಯಲ್ಲಿ ಕಣ್ಣೆದುರೇ ಅರಳುತ್ತವೆ. ಒಂದುಗೂಡಿಸಿದ ಮೇಲೆ ಎಸಳಿನ ಅಂಚಿನ ಸುತ್ತ ಮಸುಕಾದ ಬೂದು ಪ್ರಭೆ ಉಳಿಯುವುದುಂಟು. ಕಪ್ಪಿನ ಮೇಲೆ ಅದು ಬೇಗ ಗೊತ್ತಾಗುತ್ತದೆ, ಕೈಯಿಂದ ಅಳಿಸಬೇಕು. ನನ್ನನ್ನು ಕೇಳಿದರೆ ಸ್ಟ್ಯಾಕಿಂಗ್ ಎಲ್ಲ ಹೂವಿಗೂ ಬೇಕಿಲ್ಲ. ಹಿಂದಿನ ಎಸಳು ಮಸುಕಾಗಿ ಕತ್ತಲೆಗೆ ಸೇರುವ ಚಿತ್ರದಲ್ಲೇ ಹೆಚ್ಚು ಆಳ ಕಾಣುತ್ತದೆ.

6. ಎಕ್ಸ್‌ಪೋಷರ್ ಅಳೆಯಿರಿ

ಎಕ್ಸ್‌ಪೋಷರ್ ಎಂದರೆ ಚಿತ್ರಕ್ಕೆ ಒಟ್ಟು ಸಿಗುವ ಬೆಳಕು. ಅದನ್ನು ಅಳೆಯುವ ಕ್ಯಾಮೆರಾದ ಮೀಟರ್ ಎದುರಿಗಿರುವುದನ್ನೆಲ್ಲ ಮಧ್ಯಮ ಬೂದು ಎಂದೇ ನಂಬುತ್ತದೆ. ಚೌಕಟ್ಟಿನ ಮುಕ್ಕಾಲು ಪಾಲು ಕತ್ತಲೆಯಾಗಿದ್ದರೆ ಬೆಳಕು ಸಾಲದು ಎಂದು ಬಗೆದು ಎಲ್ಲವನ್ನೂ ಬೆಳಗಿಸುತ್ತದೆ. ಬಟ್ಟೆ ಬೂದಾಗುತ್ತದೆ, ಎಸಳು ಬಿಳಿಚಿಕೊಳ್ಳುತ್ತದೆ. ಸ್ವಯಂಚಾಲಿತ ವಿಧಾನದಲ್ಲಿ ತೆಗೆಯುವವರು ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಎಂಬ ಹೊಂದಿಕೆಯನ್ನು -1 ಅಥವಾ -2ಕ್ಕೆ ಇಳಿಸಿ. ಇನ್ನೂ ನಿಖರವಾದದ್ದು ಸ್ಪಾಟ್ ಮೀಟರಿಂಗ್, ಅಂದರೆ ಒಂದು ಸಣ್ಣ ಬಿಂದುವಿನ ಬೆಳಕನ್ನಷ್ಟೇ ಅಳೆಯುವುದು. ಅದನ್ನು ಎಸಳಿನ ಮೇಲಿಟ್ಟು ಅಳೆದಾಗ ಬಿಳಿ ಹೂವಾದರೆ ಒಂದರಿಂದ ಒಂದೂವರೆ ಸ್ಟಾಪ್ ಏರಿಸಿ, ಕಡುನೇರಳೆಯಾದರೆ ಒಂದು ಸ್ಟಾಪ್ ಇಳಿಸಿ. ಇವು ಆರಂಭದ ಅಂದಾಜು. ಫಲಿತಾಂಶ ನೋಡಿ ತಿದ್ದಿಕೊಳ್ಳಿ. ಮೇಲೆ ಹೇಳಿದ ಫ್ಲ್ಯಾಶ್ ಹೊಂದಿಕೆಗೆ ಈ ಮೀಟರ್ ಅನ್ವಯಿಸುವುದಿಲ್ಲ. ಅಲ್ಲಿ ಫ್ಲ್ಯಾಶಿನ ಶಕ್ತಿಯನ್ನೇ ಹೆಚ್ಚು ಕಡಿಮೆ ಮಾಡಿ ನೋಡಬೇಕು.

ಫಲಿತಾಂಶವನ್ನು ಪರದೆಯ ಮೇಲಿನ ಚಿತ್ರ ನೋಡಿ ನಂಬಬೇಡಿ, ಹಿಸ್ಟೊಗ್ರಾಂ ನೋಡಿ. ಅದು ಚಿತ್ರದಲ್ಲಿ ಕಪ್ಪಿನಿಂದ ಬಿಳಿಯವರೆಗೆ ಯಾವ ಮಟ್ಟದ ಬೆಳಕು ಎಷ್ಟಿದೆ ಎಂದು ತೋರಿಸುವ ನಕ್ಷೆ. ನಮ್ಮ ಚಿತ್ರದಲ್ಲಿ ಎಡ ತುದಿಗೆ ಎತ್ತರದ ಗುಡ್ಡೆ ಇರುವುದು ಸರಿಯೇ. ಬಲ ತುದಿಗೆ ತಾಗಿರಬಾರದು. ಕೆಂಪು ಹೂವಿನಲ್ಲಿ ಒಂದು ಮೋಸವಿದೆ. ಒಟ್ಟು ಹಿಸ್ಟೊಗ್ರಾಂ ಸರಿಯಾಗಿಯೇ ಕಾಣುತ್ತದೆ, ಆದರೆ ಕೆಂಪು ಬಣ್ಣದ ನಕ್ಷೆಯೊಂದೇ ಬಲಕ್ಕೆ ಬಡಿದಿರುತ್ತದೆ. ಆಗ ಎಸಳಿನ ನರ, ಮಡಿಕೆ ಎಲ್ಲ ಹೋಗಿ ಬರೀ ಕೆಂಪು ಬಳಿದಂತಾಗುತ್ತದೆ. ಆದ್ದರಿಂದ ಮೂರು ಬಣ್ಣಗಳ ನಕ್ಷೆಯನ್ನೂ ಬೇರೆಬೇರೆಯಾಗಿ ತೋರಿಸುವ ಆಯ್ಕೆಯನ್ನು ಚಾಲು ಮಾಡಿಕೊಳ್ಳಿ. ಚಿತ್ರವನ್ನು ರಾ ರೂಪದಲ್ಲಿ ಉಳಿಸಿ. ಅದು ಸೆನ್ಸರಿನಿಂದ ಬಂದ ಸಂಸ್ಕರಿಸದ ಮಾಹಿತಿ, ತಿದ್ದಲು ಹೆಚ್ಚು ಅವಕಾಶ ಕೊಡುತ್ತದೆ.

ಮೊಬೈಲಿನಲ್ಲಿ ತೆಗೆಯುವವರಿಗೆ

ಬಟ್ಟೆ, ದೂರ, ಬೆಳಕು ಎಲ್ಲವೂ ಮೇಲಿನಂತೆಯೇ. ಮೊಬೈಲಿನ ತೊಂದರೆ ಅದರ ಅತಿ ಉಪಕಾರ: ನೀವು ಕಷ್ಟಪಟ್ಟು ಮಾಡಿದ ಕತ್ತಲೆಯನ್ನು ಅದು ತಾನಾಗಿಯೇ ಬೆಳಗಿಸುತ್ತದೆ. ಎಚ್‌ಡಿಆರ್, ನೈಟ್ ಮೋಡ್ ಎಂಬ ಕತ್ತಲೆ ಬೆಳಗಿಸುವ ಹೊಂದಿಕೆಗಳನ್ನು ನಿಲ್ಲಿಸಲು ಸಾಧ್ಯವಿದ್ದರೆ ನಿಲ್ಲಿಸಿ. ಪರದೆಯಲ್ಲಿ ಹೂವಿನ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಹೆಚ್ಚಿನ ಮೊಬೈಲುಗಳಲ್ಲಿ ಫೋಕಸ್ ಮತ್ತು ಎಕ್ಸ್‌ಪೋಷರ್ ಎರಡೂ ಬಿಗಿಯಾಗುತ್ತವೆ. ಬಳಿಕ ಕಾಣಿಸುವ ಸೂರ್ಯನ ಚಿಹ್ನೆಯನ್ನು ಕೆಳಕ್ಕೆ ಎಳೆದು ಹಿನ್ನೆಲೆ ಕಪ್ಪಾಗುವವರೆಗೆ ಬೆಳಕು ಇಳಿಸಿ. ಮ್ಯಾಕ್ರೋ ಮೋಡ್ ಎಂಬುದು ಅನೇಕ ಮೊಬೈಲುಗಳಲ್ಲಿ ಅತಿ ಅಗಲದ ಲೆನ್ಸಿಗೆ ಬದಲಾಗುತ್ತದೆ. ಆಗ ಮೊಬೈಲಿನದೇ ನೆರಳು ಹೂವಿನ ಮೇಲೆ, ಕೋಣೆಯ ಅರ್ಧ ಹಿನ್ನೆಲೆಯಲ್ಲಿ. ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸ್ ಇದ್ದರೆ ತುಸು ಹಿಂದೆ ಸರಿದು ಅದರಿಂದಲೇ ತೆಗೆಯಿರಿ.

7. ಕಂಪ್ಯೂಟರಿನಲ್ಲಿ ಕಪ್ಪನ್ನು ಪರೀಕ್ಷಿಸಿ

ಚಿತ್ರ ತಿದ್ದುವ ತಂತ್ರಾಂಶದಲ್ಲಿ ಮೊದಲು ಚಿತ್ರದ ನೆರಳಿನ ಭಾಗವನ್ನು, ಅಂದರೆ ಶ್ಯಾಡೋಸ್ ಸ್ಲೈಡರನ್ನು, ಪೂರ್ತಿ ಮೇಲಕ್ಕೆ ಏರಿಸಿ. ಚಿತ್ರ ವಿಕಾರವಾಗುತ್ತದೆ, ಆಗಲಿ. ಬಟ್ಟೆಯ ಮೇಲಿನ ನೂಲಿನ ಚೂರು, ಮಡಿಕೆ, ಮೂಲೆಯ ಬೂದು ತೇಪೆ ಎಲ್ಲ ಈಗ ಕಾಣಿಸುತ್ತವೆ. ನಿಮ್ಮ ಪರದೆಯಲ್ಲಿ ಅಡಗಿದ್ದರೂ ಬೇರೆಯವರ ಹೆಚ್ಚು ಬೆಳಕಿನ ಪರದೆಯಲ್ಲಿ ಇವು ಕಂಡೇ ಕಾಣುತ್ತವೆ. ಅವುಗಳನ್ನು ಅಳಿಸಿ, ಆಮೇಲೆ ಸ್ಲೈಡರನ್ನು ಮೊದಲಿನ ಸ್ಥಾನಕ್ಕೆ ತನ್ನಿ.

ಕಪ್ಪು ಸಾಲದೆ ಇದ್ದರೆ ಇಡೀ ಚಿತ್ರದ ಬ್ಲ್ಯಾಕ್ಸ್ ಸ್ಲೈಡರನ್ನು ಎಳೆದು ಬಿಡುವುದು ಸುಲಭದ ದಾರಿ, ಆದರೆ ತೊಟ್ಟು ಮತ್ತು ಎಸಳಿನ ನೆರಳಿನ ಭಾಗವೂ ಅದರೊಂದಿಗೆ ಮುಳುಗುತ್ತವೆ. ತೊಟ್ಟಿಲ್ಲದ ಹೂವು ಗಾಳಿಯಲ್ಲಿ ತೇಲುವ ತಲೆಯಂತೆ ಕಾಣುತ್ತದೆ. ಬ್ರಷ್‌ನಿಂದ ಹಿನ್ನೆಲೆಯನ್ನಷ್ಟೇ ಆರಿಸಿ ಕಪ್ಪಾಗಿಸಿ. ಹೂವನ್ನು ಕತ್ತರಿಸಿ ಹೊಸ ಕಪ್ಪು ಹಾಳೆಯ ಮೇಲೆ ಅಂಟಿಸುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ರೋಮ, ಮಸುಕಾದ ಅಂಚು ಎಲ್ಲ ಕತ್ತರಿಯ ಪಾಲಾಗುತ್ತವೆ, ಕಣ್ಣಿಗೆ ಕೂಡಲೇ ಗೊತ್ತಾಗುತ್ತದೆ.

ಮುದ್ರಿಸುವುದಾದರೆ ಮೊದಲು ಚಿಕ್ಕ ಅಳತೆಯಲ್ಲಿ ಒಂದು ಪ್ರತಿ ತೆಗೆಸಿ ನೋಡಿ. ಹೊಳಪಿನ ಕಾಗದದಲ್ಲಿ ಕಪ್ಪು ಆಳವಾಗಿ ಬರುತ್ತದೆ, ಆದರೆ ಎದುರಿನ ಕಿಟಕಿಯೂ ಅದರಲ್ಲಿ ಪ್ರತಿಫಲಿಸುತ್ತದೆ. ಮ್ಯಾಟ್ ಕಾಗದದಲ್ಲಿ ಪ್ರತಿಫಲನವಿಲ್ಲ, ಕಪ್ಪು ಮಾತ್ರ ತುಸು ತೆಳು. ಪರದೆಯಲ್ಲಿ ಕಷ್ಟಪಟ್ಟು ಕಾಣುವ ತೊಟ್ಟು ಎರಡರಲ್ಲೂ ಕಾಣದೆ ಹೋಗಬಹುದು. ಮುದ್ರಣಕ್ಕೆ ಕಳಿಸುವ ಪ್ರತಿಯಲ್ಲಿ ಆ ಭಾಗವನ್ನು ಸ್ವಲ್ಪ ಬೆಳಗಿಸಿಕೊಡಿ.